ಶಾಮಿಸೆನ್, ಕೊಟೊ ಕಲಿಯೋಕೆ ಹೊರಟವರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಜಪಾನಿನ ತಂತಿವಾದ್ಯಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ ಅಷ್ಟೇ, ಅದಕ್ಕೆ ಬಂದಿರೋ ಪತ್ರ ನೋಡಿ ತುಂಬಾ ಖುಷಿಯಾಯ್ತು. ಟೋಕಿಯೋ, ಯೊಕೊಹಾಮಾ, ನಗೋಯಾ ಕಡೆ ಇರೋ ನಮ್ಮವರೇ ಜಾಸ್ತಿ ಬರೆದಿದೀರಿ, ಬೆಂಗಳೂರು ಧಾರವಾಡದಿಂದಾನೂ ಬಂದಿದೆ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿ ಈ ಸಲದ ಕಾಲಂ ಪೂರ್ತಿ ಇದಕ್ಕೇ ಇಟ್ಟಿದೀನಿ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಕೇಳಿರೋದ್ರಿಂದ ಊರು ಮಾತ್ರ ಹಾಕಿದೀನಿ. ಇನ್ನೊಂದು ಮಾತು, ನಾನು ಕಲೀತಿರೋದು ನಾಗಾಉತಾ ಶೈಲಿಯ ಶಾಮಿಸೆನ್, ಅಂದ್ರೆ ಕಾಬುಕಿ ನಾಟಕದ ಹಾಡಿಗೆ ನುಡಿಸೋದು, ಹಾಗಾಗಿ ನನ್ನ ಉತ್ತರಗಳು ಆ ಕಡೆಗೇ ಸ್ವಲ್ಪ ವಾಲಿರುತ್ತೆ.

ಪ್ರಶ್ನೆ: ಅಕ್ಕಾ ನಮಸ್ತೆ. ಮದುವೆಗೆ ಮುಂಚೆ ಮೈಸೂರಲ್ಲಿ ವೀಣೆ ಕಲಿತಿದ್ದೆ, ಸೀನಿಯರ್ ಎಕ್ಸಾಂ ಆಗಿದೆ. ಈಗ ಯಜಮಾನರ ಕೆಲಸಕ್ಕೆ ಅಂತ ಬಂದಿದೀವಿ, ವೀಣೆ ತರೋಕಾಗ್ಲಿಲ್ಲ, ಕೈ ಸುಮ್ನೆ ಇರಲ್ಲ. ಇಲ್ಲಿದೇ ಒಂದು ವಾದ್ಯ ಕಲಿಯೋಣ ಅನ್ಸಿದೆ. ಕೊಟೊನಾ ಶಾಮಿಸೆನ್ನಾ ಯಾವುದು ಬೇಗ ಬರುತ್ತೆ? ಆನ್‌ಲೈನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಶಾಮಿಸೆನ್ ತುಂಬಾ ಕಮ್ಮಿ ರೇಟಿಗೆ ಇದೆ, ತಗೊಂಡ್ಬಿಡ್ಲಾ? (ಯೊಕೊಹಾಮಾ)

ಉತ್ತರ: ಆ ಸೆಕೆಂಡ್ ಹ್ಯಾಂಡ್ ಶಾಮಿಸೆನ್ ಈಗ್ಲೇ ತಗೋಬೇಡಿ, ಎಷ್ಟೇ ಕಮ್ಮಿಗೆ ಸಿಗ್ತಿದ್ರೂ. ಶಾಮಿಸೆನ್ ಬುರುಡೆಯ ಎರಡೂ ಕಡೆ ಚರ್ಮ ಇರುತ್ತೆ, ಅದನ್ನ ತುಂಬಾ ಬಿಗಿಯಾಗಿ ಎಳೆದು ಅಕ್ಕಿಯ ಅಂಟಲ್ಲಿ ಮರಕ್ಕೆ ಅಂಟಿಸಿರ್ತಾರೆ, ಜೂನ್ ತಿಂಗಳ ಮಳೆಗಾಲದಲ್ಲಿ ತೇವ ಹಿಡಿದು ಅಂಚು ಬಿಡುತ್ತೆ, ಚಳಿಗಾಲದಲ್ಲಿ ಹೀಟರ್ ಹಾಕಿದ ರೂಮಲ್ಲಿ ಒಣಗಿ ಪಟ್ ಅಂತ ಹರಿಯುತ್ತೆ. ಫೋಟೋದಲ್ಲಿ ಇದೆಲ್ಲ ಕಾಣಲ್ಲ. ಹೊಸ ಚರ್ಮ ಹಾಕಿಸೋಕೆ ಹೋದ್ರೆ ವಾದ್ಯದ ರೇಟಿಗಿಂತ ಜಾಸ್ತಿ ಆಗೋದು ಮಾಮೂಲಿ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಶಾಮಿಸೆನ್ ಅಂತ ಒಂದೇ ವಾದ್ಯ ಇಲ್ಲ, ದಂಡಿ ಎಷ್ಟು ದಪ್ಪ ಅನ್ನೋದರ ಮೇಲೆ ಮೂರು ಥರ ಇದೆ. ಸಣ್ಣ ದಂಡಿಯ ಹೊಸೊಜಾವೊ ನಾಗಾಉತಾಗೆ, ಮಧ್ಯದ ಚೂಜಾವೊ ಜಿಉತಾ ಅನ್ನೋ ಹಾಡಿನ ಶೈಲಿಗೆ ಮತ್ತೆ ಜಾನಪದ ಹಾಡಿಗೆ, ದಪ್ಪದ ಫುತೊಜಾವೊ ಬುನ್ರಾಕು ಗೊಂಬೆಯಾಟದಲ್ಲಿ ಕಥೆ ಹೇಳೋ ಗಿದಾಯು ಶೈಲಿಗೆ ಮತ್ತೆ ಉತ್ತರದ ತ್ಸುಗಾರು ಶೈಲಿಗೆ. ತಂತಿ, ಕುದುರೆ (ತಂತಿಯನ್ನ ಎತ್ತಿ ಹಿಡಿಯೋ ಸಣ್ಣ ತುಂಡು), ಮೀಟೋ ಬಾಚಿ ಎಲ್ಲಾ ಬೇರೆ ಬೇರೆ. ಸೆನ್ಸೇ, ಅಂದ್ರೆ ಕಲಿಸೋ ಗುರುಗಳು, ಯಾವ ಶೈಲಿಯವರು ಅಂತ ಗೊತ್ತಾಗೋಕೆ ಮುಂಚೆ ವಾದ್ಯ ತಗೊಂಡ್ರೆ ದುಡ್ಡು ದಂಡ. ಕಲಿಯೋರಿಗೆ ಅಂತ ವಾದ್ಯ ಎರವಲು ಕೊಡೋ ಸೆನ್ಸೇಗಳು ಸುಮಾರು ಜನ ಇದಾರೆ, ಕೇಳೋಕೆ ಸಂಕೋಚ ಪಡ್ಬೇಡಿ.

ಈಗ ಕೊಟೊನಾ ಶಾಮಿಸೆನ್ನಾ ಅನ್ನೋದು. ಬೇಗ ಬರೋದು ಅಂತ ಕೇಳಿದ್ರೆ ಕೊಟೊ, ಅದರಲ್ಲಿ ಅನುಮಾನಾನೇ ಇಲ್ಲ. 13 ತಂತಿ, ಪ್ರತಿ ತಂತಿಗೂ ಒಂದೊಂದು ಕುದುರೆ, ಮೊದಲೇ ಶ್ರುತಿ ಮಾಡಿಟ್ಟಿರೋದ್ರಿಂದ ಸರಿಯಾದ ತಂತಿ ಮೀಟಿದ್ರೆ ಸರಿಯಾದ ಸ್ವರ ಬಂದೇ ಬರುತ್ತೆ, ಮೊದಲನೇ ಕ್ಲಾಸಲ್ಲೇ ಒಂದು ಹಾಡು ನುಡಿಸಿ ಮನೆಗೆ ಬರಬಹುದು. ಆದ್ರೆ ಅದು ಆರಡಿ ಉದ್ದದ ವಾದ್ಯ, ಇಲ್ಲಿನ ಮನೆಗಳಲ್ಲಿ ಎಲ್ಲಿಡ್ತೀರಾ, ಟ್ರೈನಲ್ಲಿ ಹೇಗೆ ತಗೊಂಡು ಹೋಗ್ತೀರಾ ಯೋಚನೆ ಮಾಡಿ. ಶಾಮಿಸೆನ್ ಹೆಚ್ಚೂಕಮ್ಮಿ ಒಂದು ಮೀಟರ್, ದಂಡಿಯನ್ನ ಮೂರು ತುಂಡಾಗಿ ಬಿಚ್ಚಿ ಪೆಟ್ಟಿಗೆಗೆ ಹಾಕಬಹುದು. ನೀವು ವೀಣೆ ಕಲಿತವರು, ಕಿವಿ ತಯಾರಾಗಿದೆ, ನಿಮಗೆ ನಾನು ಶಾಮಿಸೆನ್ ಅಂತಾನೇ ಹೇಳ್ತೀನಿ. ಮೊದಮೊದಲು ಕಷ್ಟ ಆಗುತ್ತೆ, ಆದ್ರೆ ನಿಮ್ಮ ವೀಣೆಯಲ್ಲಿ ಕಲಿತಿದ್ದು ಅಲ್ಲೇ ಜಾಸ್ತಿ ಉಪಯೋಗಕ್ಕೆ ಬರೋದು.

ಹೇಗೆ ಅಂದ್ರೆ ಶ್ರುತಿಯಿಂದಾನೇ ಶುರು ಮಾಡೋಣ. ಮೂರೇ ತಂತಿ. ಹೊನ್‌ಚೋಶಿ ಅಂತಾರಲ್ಲ ಮೂಲ ಶ್ರುತಿ, ಅದು ನಮ್ಮ ಲೆಕ್ಕದಲ್ಲಿ ಸ-ಮ-ಸ, ಅಂದ್ರೆ ದಪ್ಪ ತಂತಿ ಷಡ್ಜ, ಮಧ್ಯದ್ದು ಶುದ್ಧ ಮಧ್ಯಮ, ತೆಳು ತಂತಿ ಮೇಲಿನ ಷಡ್ಜ. ಎರಡನೇ ತಂತಿ ಏರಿಸಿದ್ರೆ ಸ-ಪ-ಸ, ಅದು ನಿಅಗಾರಿ, ವೀಣೆ ಕೈಯವರಿಗೆ ಇದು ತಕ್ಷಣ ಮನೆಗೆ ಬಂದ ಹಾಗಿರುತ್ತೆ. ಮೂರನೇ ತಂತಿ ಇಳಿಸಿದ್ರೆ ಸ-ಮ-ನಿ, ಕೈಶಿಕಿ ನಿಷಾದ, ಅದು ಸನ್‌ಸಾಗಾರಿ. ಎಷ್ಟೋ ಹಾಡುಗಳಲ್ಲಿ ನುಡಿಸ್ತಾ ನುಡಿಸ್ತಾನೇ ಮಧ್ಯದಲ್ಲಿ ಬಿರಡೆ ತಿರುಗಿಸಿ ಒಂದು ಶ್ರುತಿಯಿಂದ ಇನ್ನೊಂದಕ್ಕೆ ಹೋಗ್ತಾರೆ, ವೇದಿಕೆ ಮೇಲೆ ಅದನ್ನ ಹತ್ತಿರದಿಂದ ನೋಡ್ಬೇಕು, ಎಡಗೈ ದಂಡಿಯಿಂದ ಬಿರಡೆಗೆ ಹೋಗಿ ಬರೋದು ಗೊತ್ತೇ ಆಗಲ್ಲ. ಯಾವ ಎತ್ತರಕ್ಕೆ ಶ್ರುತಿ ಅನ್ನೋದನ್ನ ಇಲ್ಲಿ ಹೊನ್ ಅನ್ನೋ ಲೆಕ್ಕದಲ್ಲಿ ಹೇಳ್ತಾರೆ, ನಾಲ್ಕು ಹೊನ್ ಅಂದ್ರೆ ನಮ್ಮ ಹಾರ್ಮೋನಿಯಂ ಲೆಕ್ಕದ ಬಿಳಿ ಒಂದು. ಸೆನ್ಸೇ ಮೂರು ಹೊನ್ ಅಂದ್ರೆ ಅದಕ್ಕಿಂತ ಅರ್ಧ ಮನೆ ಕೆಳಗೆ.

ಮುಂದಿನದು ನನಗೆ ಈ ವಾದ್ಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ವಿಷಯ. ದಂಡಿಯ ಮೇಲ್ತುದಿಯಲ್ಲಿ ಒಂದು ಪುಟ್ಟ ಲೋಹದ ಪಟ್ಟಿ ಇರುತ್ತೆ, ಎರಡನೇ ಮೂರನೇ ತಂತಿ ಅದರ ಮೇಲೆ ಹಾದು ಬರುತ್ತೆ, ಆದ್ರೆ ದಪ್ಪ ತಂತಿ ಮಾತ್ರ ಅದರ ಮೇಲೆ ಕೂರಲ್ಲ, ಪಕ್ಕದಲ್ಲಿ ದಂಡಿಯ ಮರಕ್ಕೇ ಸವರಿಕೊಂಡು ಹೋಗುತ್ತೆ. ಅದನ್ನ ಮೀಟಿದಾಗ ಝೇಂ ಅಂತ ಒಂದು ಝೇಂಕಾರ ಬರುತ್ತೆ, ಅದಕ್ಕೇ ಜಪಾನಿಯಲ್ಲಿ ಸವಾರಿ ಅಂತಾರೆ. ನಮ್ಮ ತಂಬೂರಿ ಕುದುರೆ ಮೇಲೆ ತಂತಿ ಕೆಳಗೆ ದಾರ ಸಿಗಿಸಿ ನಾದ ಬಿಡಿಸ್ತೀವಲ್ಲ, ಮಾಡೋ ರೀತಿ ಬೇರೆ ಆದ್ರೂ ಕೇಳೋ ಆಸೆ ಒಂದೇ. ಇಷ್ಟೇ ಆಗಿದ್ರೆ ಅದೊಂದು ಅಲಂಕಾರ ಅಂತ ಬಿಡಬಹುದಿತ್ತು, ಆದ್ರೆ ಕಲಿಯೋರಿಗೆ ಇದು ಗುರು ಇದ್ದ ಹಾಗೆ, ಯಾಕಂದ್ರೆ ಬೇರೆ ತಂತಿಯಲ್ಲಿ ನೀವು ಸ್ವರ ಸರಿಯಾಗಿ ಒತ್ತಿದ್ರೆ ದಪ್ಪ ತಂತಿ ತಾನಾಗೇ ಮಿಡಿದು ಝೇಂಕಾರ ಕೊಡುತ್ತೆ, ಬೆರಳು ಒಂದು ಕೂದಲೆಳೆ ಆಚೀಚೆ ಆದ್ರೂ ಆ ಝೇಂಕಾರ ಇರಲ್ಲ, ಸ್ವರ ಬೋಳು ಬೋಳಾಗಿ ಕೇಳುತ್ತೆ. ಶಾಮಿಸೆನ್ ದಂಡಿಯಲ್ಲಿ ಮೆಟ್ಟಿಲಿಲ್ಲ ಅನ್ನೋದು ನೆನಪಿರ್ಲಿ, ನುಣ್ಣಗಿರುತ್ತೆ, ಎಲ್ಲಿ ಒತ್ತಬೇಕು ಅಂತ ಹೇಳೋದು ಕಿವಿ ಮತ್ತೆ ಈ ಸವಾರಿ ಮಾತ್ರ. ಹೊಸಬರಿಗೆ ಅಂತ ದಂಡಿ ಪಕ್ಕಕ್ಕೆ ಅಂಟಿಸೋ ನಂಬರ್ ಸ್ಟಿಕರ್ ಸಿಗುತ್ತೆ, ನಿಮಗೆ ಅದು ಬೇಡ, ಕಣ್ಣು ಆ ಕಡೆ ಹೋದ್ರೆ ಕಿವಿ ಮುಚ್ಚಿಹೋಗುತ್ತೆ. ಟ್ಯೂನರ್ ಆ್ಯಪಲ್ಲಿ ಒಂದು ತಂತಿ ಮಾತ್ರ ಸೇರಿಸಿ, ಉಳಿದ ಎರಡು ಕಿವಿಯಲ್ಲೇ ಸೇರಿಸಿ.

ವೀಣೆಯವರಿಗೆ ಕಷ್ಟ ಆಗೋದು ಎರಡು ಕಡೆ. ಒಂದು ಗಮಕ. ವೀಣೆಯಲ್ಲಿ ತಂತಿ ಎಳೆದು ಎಳೆದು ಅಭ್ಯಾಸ ಆಗಿರುತ್ತೆ, ಮೀಟಿದ ನಾದ ಇನ್ನೂ ಉಳಿದಿರುತ್ತೆ, ಅದರಲ್ಲಿ ಎಷ್ಟು ಬೇಕಾದ್ರೂ ಕೆಲಸ ಮಾಡಬಹುದು. ಶಾಮಿಸೆನ್ ನಾದ ಚರ್ಮದ ಮೇಲಿಂದ ಬರೋದ್ರಿಂದ ಬೇಗ ನಿಂತುಹೋಗುತ್ತೆ. ಸುರಿ ಅಂತ ಬೆರಳು ಜಾರಿಸೋದು ಇದೆ, ಹಜಿಕಿ ಅಂತ ಎಡಗೈ ಬೆರಳಲ್ಲೇ ತಂತಿ ಚಿಮ್ಮಿಸೋದು ಇದೆ, ಸುಕುಯಿ ಅಂತ ಬಾಚಿಯನ್ನ ಕೆಳಗಿಂದ ಮೇಲಕ್ಕೆ ಎತ್ತಿ ಮೀಟೋದು ಇದೆ, ಆದ್ರೆ ನಮ್ಮ ಕಂಪಿತದ ಜಾಗ ಇದಲ್ಲ, ಮೊದಲ ವರ್ಷ ಸ್ವರನ ನೇರವಾಗಿ ನಿಲ್ಲಿಸೋದು ಮಾತ್ರ ಮಾಡಿ.

ಇನ್ನೊಂದು ಬಲಗೈ. ಬಾಚಿ ದೋಸೆ ಮಗುಚೋ ಕೈಯ ಆಕಾರದಲ್ಲಿರುತ್ತೆ, ಅಗಲದ ತುದಿಯ ಒಂದು ಮೂಲೆಯಿಂದ ತಂತಿ ಹೊಡೀಬೇಕು. ಹಿಡಿಯನ್ನ ಉಂಗುರ ಬೆರಳು ಕಿರುಬೆರಳ ಮಧ್ಯ ಸಿಗಿಸಿ, ಹೆಬ್ಬೆರಳು ಮಡಿಚಿ ಒತ್ತಿ ಹಿಡಿಯೋದು, ಮೊದಲ ತಿಂಗಳು ಕಿರುಬೆರಳ ಸಂದಿ ನೋಯುತ್ತೆ, ನೋಯಲೇಬೇಕು. ಮುಂಗೈ ಬುರುಡೆಯ ಮೇಲಂಚಲ್ಲಿ ಊರಿರುತ್ತೆ, ಮಣಿಕಟ್ಟಿಂದ ಬೀಳಿಸ್ಬೇಕು, ಭುಜದಿಂದ ಅಲ್ಲ. ಬಾಚಿ ತಂತಿಗೂ ತಗಲುತ್ತೆ ಚರ್ಮಕ್ಕೂ ತಗಲುತ್ತೆ, ಅಂದ್ರೆ ಒಂದೇ ಏಟಲ್ಲಿ ತಂತಿಯ ಸ್ವರ, ಚರ್ಮದ ಟಕ್ ಎರಡೂ ಬರಬೇಕು. ಆ ಏಟು ಬೀಳೋ ಜಾಗದಲ್ಲಿ ಚರ್ಮ ಸವೀಬಾರದು ಅಂತ ಅರ್ಧಚಂದ್ರದ ಥರ ಒಂದು ಸಣ್ಣ ತೊಗಲಿನ ತುಂಡು ಅಂಟಿಸಿರ್ತಾರೆ, ಸ್ವಲ್ಪ ದಿನ ಆದ್ಮೇಲೆ ಅದನ್ನ ನೋಡಿ, ಗೀರು ಒಂದೇ ಕಡೆ ಬಿದ್ದಿದ್ರೆ ಕೈ ಕೂತಿದೆ, ಅಲ್ಲೊಂದು ಇಲ್ಲೊಂದು ಬಿದ್ದಿದ್ರೆ ಇನ್ನೂ ಕೂತಿಲ್ಲ. ಈ ವಾದ್ಯ ಚೀನಾದ ಸನ್‌ಶಿಯನ್ನಿಂದ ರ್ಯೂಕ್ಯೂ ದ್ವೀಪಗಳ ಮೂಲಕ, ಅಂದ್ರೆ ಈಗಿನ ಓಕಿನಾವಾ, 16ನೇ ಶತಮಾನದ ಮಧ್ಯದಲ್ಲಿ ಒಸಾಕಾ ಪಕ್ಕದ ಸಕಾಯಿ ಬಂದರಿಗೆ ಬಂತು, ಅಲ್ಲಿ ಅದನ್ನ ಕೈಗೆ ತಗೊಂಡವರು ಬಿವಾ ಅನ್ನೋ ತಂತಿವಾದ್ಯ ನುಡಿಸ್ತಿದ್ದ ಅಂಧ ಕಲಾವಿದರು, ಅವರ ಬಿವಾದ ದೊಡ್ಡ ಬಾಚಿಯೇ ಶಾಮಿಸೆನ್‌ಗೂ ಬಂತು. ಹಾಗಾಗಿ ಬಲಗೈಯೇ ಈ ವಾದ್ಯದ ಪ್ರಾಣ. ದಯವಿಟ್ಟು ಹಾಡಿಗೆ ಅವಸರ ಮಾಡ್ಬೇಡಿ, ಖಾಲಿ ತಂತಿ ಮೇಲೆ ಒಂದು ಏಟು ಪ್ರತಿ ಸಲವೂ ಒಂದೇ ಥರ ಬರೋವರೆಗೂ ಅದನ್ನೇ ಮಾಡಿ. ಎಡಗೈ ನಿಮಗೆ ಹೇಗಿದ್ರೂ ಬೇಗ ಬರುತ್ತೆ.

ಸೆನ್ಸೇ ಹತ್ರ ಹೋಗೋಕೆ ಮುಂಚೆ ಎಲ್ಲಾ ಶೈಲೀನೂ ಒಂದೊಂದು ಸಲ ಎದುರಿಗೆ ಕೂತು ಕೇಳಿ. ಗಿಂಜಾದ ಕಾಬುಕಿ-ಜಾದಲ್ಲಿ ಒಂದು ಅಂಕಕ್ಕೆ ಮಾತ್ರ ಕಮ್ಮಿ ರೇಟಿನ ಟಿಕೆಟ್ ಕೊಡ್ತಾರೆ, ನಾಗಾಉತಾ ಸಾಲಾಗಿ ಕೂತು ನುಡಿಸೋದು ಅಲ್ಲಿ ಸಿಗುತ್ತೆ. ಒಸಾಕಾ ಕಡೆ ಹೋದ್ರೆ ನ್ಯಾಷನಲ್ ಬುನ್ರಾಕು ಥಿಯೇಟರ್ ಬಿಡ್ಬೇಡಿ, ಅಲ್ಲಿ ಒಬ್ಬ ಕಥೆ ಹೇಳೋನು, ಪಕ್ಕದಲ್ಲಿ ಒಬ್ಬ ದಪ್ಪ ಶಾಮಿಸೆನ್ ನುಡಿಸೋನು, ಒಂದೊಂದು ಏಟಿಗೆ ಮೈ ಝುಂ ಅನ್ನುತ್ತೆ. ತ್ಸುಗಾರು ಅಂದ್ರೆ ಅಓಮೊರಿ ಪ್ರಾಂತ್ಯದ್ದು, ಮನೆಮನೆ ಮುಂದೆ ನುಡಿಸಿ ಬದುಕ್ತಿದ್ದ ಅಂಧ ಕಲಾವಿದರಿಂದ ಬೆಳೆದ ಶೈಲಿ, ತಕಾಹಾಶಿ ಚಿಕುಜಾನ್ (1910–1998) ಅವರ ರೆಕಾರ್ಡಿಂಗ್ ಹುಡುಕಿ ಕೇಳಿ. ವೇಗ ಕೇಳಿ ಮರುಳಾಗಿ ಸುಮಾರು ಜನ ಮೊದಲು ತ್ಸುಗಾರುಗೇ ಹೋಗ್ತಾರೆ, ತಪ್ಪೇನಿಲ್ಲ, ಅಲ್ಲಿ ಮನೋಧರ್ಮಕ್ಕೂ ಜಾಗ ಇದೆ.

ಪ್ರಶ್ನೆ: ನಾವು ಪೂರ್ತಿ ಸಸ್ಯಾಹಾರಿಗಳು. ಶಾಮಿಸೆನ್‌ಗೆ ಬೆಕ್ಕಿನ ಚರ್ಮ ಹಾಕ್ತಾರೆ ಅಂತ ಗೊತ್ತಾಗಿ ಮಗಳು ಅತ್ತುಬಿಟ್ಳು, ಕಲಿಯೋದೇ ಬೇಡ ಅಂತಿದಾಳೆ. ಬೇರೆ ದಾರಿ ಇದೆಯಾ? (ತ್ಸುಕುಬಾ)

ಉತ್ತರ: ಇದೆ, ಮಗಳಿಗೆ ಧೈರ್ಯವಾಗಿ ಹೇಳಿ. ಹಳೇ ಪದ್ಧತಿಯಲ್ಲಿ ಸಣ್ಣ ಶಾಮಿಸೆನ್‌ಗೆ ಬೆಕ್ಕಿನ ಚರ್ಮ, ದಪ್ಪದ್ದಕ್ಕೆ ಮತ್ತೆ ಅಭ್ಯಾಸದ ವಾದ್ಯಕ್ಕೆ ನಾಯಿ ಚರ್ಮ ಅನ್ನೋದು ನಿಜ. ಆದ್ರೆ ಈಗ ಸಿಂಥೆಟಿಕ್ ಚರ್ಮ ಹಾಕಿದ್ದೂ ಸಿಗುತ್ತೆ, ಹೊಸಬರ ಸೆಟ್‌ಗಳಲ್ಲಿ ಸುಮಾರು ಅದೇ ಇರುತ್ತೆ, ಮಳೆ ಚಳಿಗೆ ಹರಿಯೋ ಭಯಾನೂ ಇಲ್ಲ. ನಾದದಲ್ಲಿ ವ್ಯತ್ಯಾಸ ಇದೆ, ಸ್ವಲ್ಪ ಗಡುಸಾಗಿ ಕೇಳುತ್ತೆ, ಇಲ್ಲ ಅಂತ ನಾನು ಹೇಳಲ್ಲ, ಆದ್ರೆ ಮಗು ಕಲಿಯೋಕೆ ಧಾರಾಳ ಸಾಕು. ತಂತಿ ಕೂಡ ಕೇಳಿ ತಗೊಳ್ಳಿ, ಸಾಂಪ್ರದಾಯಿಕ ತಂತಿ ರೇಷ್ಮೆಯದು, ಬಿವಾ ಸರೋವರದ ಉತ್ತರಕ್ಕೆ ಕಿನೊಮೊಟೊ ಅನ್ನೋ ಕಡೆ ರೇಷ್ಮೆ ತಂತಿ ಮಾಡೋ ಹಳೇ ಊರುಗಳಿವೆ. ರೇಷ್ಮೆ ಬೇಡ ಅಂದ್ರೆ ನೈಲಾನ್, ಟೆಟ್ರಾನ್ ಇದೆ, ಅವು ಬೇಗ ತುಂಡಾಗಲ್ಲ ಅಂತ ಎಷ್ಟೋ ಜನ ತೆಳು ತಂತಿಗೆ ಅದನ್ನೇ ಹಾಕ್ತಾರೆ. ಬಾಚಿ ಮರದ್ದು ಅಥವಾ ಪ್ಲಾಸ್ಟಿಕ್, ಕುದುರೆ ಬಿದಿರಿಂದು ಅಥವಾ ಪ್ಲಾಸ್ಟಿಕ್ ಇರುತ್ತೆ. ಸೆನ್ಸೇಗೆ ಮೊದಲ ದಿನವೇ ನಮ್ಮ ಮನೆಯಲ್ಲಿ ಹೀಗೆ ಅಂತ ಹೇಳಿಬಿಡಿ, ಯಾರೂ ತಪ್ಪು ತಿಳ್ಕೊಳ್ಳಲ್ಲ. ಅಷ್ಟಕ್ಕೂ ನಮ್ಮ ಮೃದಂಗ ತಬಲಾಗೂ ಚರ್ಮಾನೇ ಇರೋದು, ಅದನ್ನೂ ಮಗಳಿಗೆ ಹೇಳಿ, ಯಾವುದು ಬೇಕು ಯಾವುದು ಬೇಡ ಅನ್ನೋದು ಅವಳೇ ಯೋಚನೆ ಮಾಡ್ಲಿ.

ಇದೇ ಮಾತಿಗೆ ಸೇರಿಸಿ ಒಂದು ವಿಷಯ ಹೇಳ್ಬೇಕು, ನಮಗೆ ತೀರಾ ಹತ್ತಿರದ್ದು. ಅತಿ ದುಬಾರಿ ಶಾಮಿಸೆನ್‌ಗಳ ದಂಡಿ ಯಾವ ಮರದ್ದು ಗೊತ್ತಾ? ಕೋಕಿ ಅಂತಾರೆ ಇಲ್ಲಿ, ಅದು ನಮ್ಮ ರಕ್ತಚಂದನ. ಕಡಪ, ಚಿತ್ತೂರು ಕಡೆ ಶೇಷಾಚಲಂ ಬೆಟ್ಟಗಳಲ್ಲಿ ಬೆಳೆಯೋ ಅದೇ ಮರ, ನೀರಲ್ಲಿ ಹಾಕಿದ್ರೆ ಮುಳುಗೋ ಅಷ್ಟು ತೂಕ. ಒಳ್ಳೇ ಕೋಕಿ ದಂಡಿಯನ್ನ ಬೆಳಕಿಗೆ ಹಿಡಿದ್ರೆ ಮರದೊಳಗೇ ಅಲೆ ಅಲೆ ಮಿಂಚು ಕಾಣುತ್ತೆ, ಅದಕ್ಕೆ ತೊಚಿ ಅಂತ ಹೆಸರು, ಅದು ಜಾಸ್ತಿ ಇದ್ದಷ್ಟೂ ರೇಟು ಜಾಸ್ತಿ. ಈಗ ಆ ಮರ ಅಳಿವಿನಂಚಿನ ಗಿಡ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತಾರಾಷ್ಟ್ರೀಯ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿದೆ, ಕದ್ದು ಸಾಗಿಸೋದು ಎಷ್ಟು ದೊಡ್ಡ ತಲೆನೋವು ಅಂತ ನಮ್ಮ ಪೇಪರಲ್ಲಿ ದಿನಾ ಓದ್ತೀರಿ. ಕಲಿಯೋರಿಗೆ ಕೋಕಿ ಬೇಡವೇ ಬೇಡ. ಕರಿನ್ ಅನ್ನೋ ಮರದ ದಂಡಿ ಇರುತ್ತೆ, ಹಗುರ, ರೇಟೂ ಕಮ್ಮಿ, ಅದು ಸಾಕು.

ಪ್ರಶ್ನೆ: ಕಂಪನಿ ಕೊಟ್ಟಿರೋ ಸಣ್ಣ ಅಪಾರ್ಟ್‌ಮೆಂಟ್, ಗೋಡೆ ತೆಳು, ಪಕ್ಕದ ಮನೆಯವರು ಕೆಮ್ಮಿದ್ರೂ ಕೇಳುತ್ತೆ. ಆಫೀಸ್ ಮುಗಿಸಿ ಬರೋದು ರಾತ್ರಿ ಒಂಬತ್ತು. ಪ್ರಾಕ್ಟೀಸ್ ಹೇಗೆ ಮಾಡ್ಲಿ? ಮಂಡಿ ಮಡಿಚಿ ಕೂರೋಕೂ ಆಗಲ್ಲ, ಮಂಡಿನೋವಿದೆ. (ಕವಾಸಾಕಿ)

ಉತ್ತರ: ಮೊದಲು ಬಾಡಿಗೆ ಕರಾರು ಪತ್ರ ನೋಡಿ, ವಾದ್ಯ ನುಡಿಸಬಾರದು ಅಂತ ಎಷ್ಟೋ ಕಡೆ ಬರೆದೇ ಇರುತ್ತೆ. ಅದು ಇಲ್ಲ ಅಂದ್ರೆ ದಾರಿ ಇದೆ. ಶಿನೊಬಿ-ಗೊಮಾ ಅಂತ ಒಂದು ಕುದುರೆ ಸಿಗುತ್ತೆ, ಸದ್ದು ಕಮ್ಮಿ ಮಾಡೋಕೇ ಮಾಡಿರೋದು, ಮಾಮೂಲಿ ಕುದುರೆ ಬದಲು ಅದನ್ನ ಇಟ್ರೆ ನಾದ ಬುರುಡೆಗೆ ಸರಿಯಾಗಿ ಇಳಿಯಲ್ಲ, ನಿಮಗೆ ಮಾತ್ರ ಕೇಳೋ ಅಷ್ಟು ಬರುತ್ತೆ. ಬಾಚಿ ಬಿಟ್ಟು ಬೆರಳಲ್ಲೇ ಮೀಟಿ, ಎಡಗೈ ಪಾಠ ಮಾಡೋಕೆ ಅಷ್ಟು ಸಾಕು. ಬಲಗೈ ಏಟಿಗೆ ಮಾತ್ರ ಇದು ಆಗಲ್ಲ, ಅದಕ್ಕೆ ವಾರಕ್ಕೊಂದು ಸಲ ವಾರ್ಡಿನ ಸಮುದಾಯ ಭವನದ ಮ್ಯೂಸಿಕ್ ರೂಮು ಬಾಡಿಗೆಗೆ ತಗೊಳ್ಳಿ ಅಥವಾ ಕರಾಒಕೆ ರೂಮಲ್ಲಿ ಕೂತು ನುಡಿಸಿ, ವಾದ್ಯ ತರಬಹುದಾ ಅಂತ ಮೊದಲೇ ಕೇಳಿ.

ರಾತ್ರಿ ವಾದ್ಯ ಮುಟ್ಟೋಕೆ ಆಗ್ದಿದ್ರೆ ಬಾಯಲ್ಲಿ ಹೇಳಿ. ಮೃದಂಗದವರು ಸೊಲ್ಲುಕಟ್ಟು ಬಾಯಲ್ಲಿ ಹೇಳ್ಕೊಂಡು ಕಲಿಯೋ ಹಾಗೆ ಇವರಿಗೂ ಬಾಯಿಪಾಠ ಇದೆ, ಕುಚಿ-ಜಾಮಿಸೆನ್ ಅಂತಾರೆ. ಮೂರನೇ ತಂತಿ ಖಾಲಿ ಮೀಟಿದ್ರೆ ಟೆನ್, ಒತ್ತಿ ಮೀಟಿದ್ರೆ ಚಿನ್. ಎರಡನೇ ತಂತಿ ಖಾಲಿ ಇದ್ರೆ ಟೊನ್, ಒತ್ತಿದ್ರೆ ತ್ಸುನ್. ಎರಡು ತಂತಿ ಒಟ್ಟಿಗೆ ಹೊಡೆದ್ರೆ ಶಾನ್. ಟ್ರೈನಲ್ಲಿ ಹೋಗ್ತಾ ಮನಸ್ಸಲ್ಲೇ ಚಿನ್ ಟೊನ್ ಶಾನ್ ಅಂತ ಪಾಠ ಹೇಳ್ಕೊಂಡ್ರೆ ಮನೆಗೆ ಬಂದು ವಾದ್ಯ ತಗೊಂಡಾಗ ಕೈ ತಾನಾಗೇ ಹೋಗುತ್ತೆ. ಬರೆದ ಪಾಠ ಬೇಕಾದ್ರೆ ಬುಂಕಾಫು ಅನ್ನೋ ಪದ್ಧತಿ ಇದೆ, ಮೂರು ತಂತಿಗೆ ಮೂರು ಗೆರೆ, ಗೆರೆ ಮೇಲೆ ಎಲ್ಲಿ ಒತ್ತಬೇಕು ಅನ್ನೋ ನಂಬರ್, ಜಪಾನಿ ಓದೋಕೆ ಬರದೇ ಇದ್ರೂ ನಂಬರ್ ನೋಡಿ ನುಡಿಸಬಹುದು.

ಮಂಡಿ ವಿಷಯಕ್ಕೆ ಚಿಂತೆ ಬೇಡ, ಕುರ್ಚಿ ಮೇಲೆ ಕೂತು ಕಲಿಸೋ ಸೆನ್ಸೇಗಳು ಬೇಕಾದಷ್ಟು ಜನ ಇದಾರೆ. ಬಲತೊಡೆ ಮೇಲೆ ಬುರುಡೆ ಜಾರದ ಹಾಗೆ ಒಂದು ರಬ್ಬರ್ ತುಂಡು ಹಾಕ್ಕೋಬೇಕು, ಅದು ಇಲ್ದೇ ಇದ್ರೆ ಎಡಗೈ ದಂಡಿಯನ್ನ ಹಿಡ್ಕೊಳ್ಳೋಕೇ ಹೋಗಿಬಿಡುತ್ತೆ. ಎಡಗೈ ಯಾವತ್ತೂ ದಂಡಿಯ ಭಾರ ಹೊರಬಾರದು. ಹೆಬ್ಬೆರಳು ತೋರುಬೆರಳ ಮಧ್ಯ ಹಾಕ್ಕೊಳ್ಳೋ ಒಂದು ಹೆಣೆದ ಪಟ್ಟಿ ಇರುತ್ತೆ, ಯುಬಿಕಾಕೆ, ಅದಿದ್ರೆ ಕೈ ಬೆವೆತ್ರೂ ದಂಡಿ ಮೇಲೆ ಸಲೀಸಾಗಿ ಜಾರುತ್ತೆ.

ಪ್ರಶ್ನೆ: ಮಗ ಇಲ್ಲಿನ ಮಿಡಲ್ ಸ್ಕೂಲಲ್ಲಿ ಓದ್ತಿದಾನೆ. ಸಂಗೀತ ಕ್ಲಾಸಲ್ಲಿ ಕೊಟೊ ಶುರು ಮಾಡಿದಾರಂತೆ, ಮನೆಗೆ ಬಂದು ಏಳು ಏಳು ಎಂಟು ಅಂತ ಹಾಡ್ತಾನೆ, ಏನಂತ ಅರ್ಥ ಆಗಲ್ಲ. ನಾನು ಕರ್ನಾಟಕ ಸಂಗೀತ ಸ್ವಲ್ಪ ಹಾಡ್ತೀನಿ, ಅವನಿಗೆ ಸಹಾಯ ಮಾಡೋಕೆ ಆಗುತ್ತಾ? (ನಗೋಯಾ)

ಉತ್ತರ: ಖಂಡಿತ ಆಗುತ್ತೆ, ನೀವು ಅಂದ್ಕೊಂಡಿರೋದಕ್ಕಿಂತ ಜಾಸ್ತಿ. 2002ರಿಂದ ಇಲ್ಲಿ ಮಿಡಲ್ ಸ್ಕೂಲಿನ ಮೂರು ವರ್ಷದಲ್ಲಿ ಒಂದಾದ್ರೂ ಜಪಾನಿ ವಾದ್ಯ ಮಕ್ಕಳಿಂದ ನುಡಿಸಲೇಬೇಕು ಅಂತ ಪಾಠಕ್ರಮದಲ್ಲಿ ಸೇರಿಸಿದಾರೆ, ಸುಮಾರು ಶಾಲೆಗಳು ಕೊಟೊ ಆರಿಸ್ಕೊಳ್ತವೆ. ನಿಮ್ಮ ಮಗ ಹೇಳ್ತಿರೋ ನಂಬರ್ ತಂತಿಗಳ ನಂಬರ್, ಹಾಡು ಸಕುರಾ, ಚೆರ್ರಿ ಹೂವಿನ ಹಾಡು. ಏಳು ಏಳು ಎಂಟು, ಏಳು ಏಳು ಎಂಟು, ಏಳು ಎಂಟು ಒಂಬತ್ತು ಎಂಟು, ಏಳು ಎಂಟು-ಏಳು ಆರು. ಕೊಟೊ ಮೇಲೆ ಇದಕ್ಕೆ ಹಾಕೋ ಶ್ರುತಿ ಹಿರಾಜೋಶಿ, ಅದರಲ್ಲಿ ಐದನೇ ತಂತಿನ ಷಡ್ಜ ಅಂತ ಇಟ್ಕೊಳ್ಳಿ, ಆರನೇದು ಶುದ್ಧ ರಿಷಭ, ಏಳು ಶುದ್ಧ ಮಧ್ಯಮ, ಎಂಟು ಪಂಚಮ, ಒಂಬತ್ತು ಶುದ್ಧ ಧೈವತ, ಹತ್ತು ಮೇಲಿನ ಷಡ್ಜ. ಸ ರಿ ಮ ಪ ದ, ನಮ್ಮ ಕರ್ಣಾಟಕ ಶುದ್ಧ ಸಾವೇರಿಯ ಆರೋಹಣ. ಈಗ ಹಾಡಿ ನೋಡಿ: ಮ ಮ ಪ, ಮ ಮ ಪ, ಮ ಪ ದ ಪ, ಮ ಪಮ ರಿ. ಗಮಕ ಹಾಕ್ದೇ ಹಾಡಿ, ಮಗ ಬೆರಗಾಗಿ ನೋಡ್ತಾನೆ.

ಇಷ್ಟಕ್ಕೇ ನಿಲ್ಲಿಸ್ಬೇಡಿ. ಇಲ್ಲಿನ ಜಾನಪದ ಹಾಡುಗಳಲ್ಲಿ ಬರೋ ಇನ್ನೊಂದು ಸ್ವರಶ್ರೇಣಿ ನಮ್ಮ ಶುದ್ಧ ಧನ್ಯಾಸಿ ಥರ ಕೇಳುತ್ತೆ, ಓಕಿನಾವಾ ಹಾಡುಗಳದ್ದು ಸ ಗ ಮ ಪ ನಿ, ಗಂಭೀರನಾಟ. ರಾಗ ಒಂದೇ ಅಂತ ನಾನು ಹೇಳ್ತಿಲ್ಲ, ಸಂಚಾರ ಪೂರ್ತಿ ಬೇರೆ, ಸ್ವರಗಳು ಮಾತ್ರ ಒಂದೇ. ಆದ್ರೆ ಕೊಟೊಗೆ ಶ್ರುತಿ ಬದಲಾಯಿಸ್ಬೇಕಾದಾಗ ಕುದುರೆಗಳನ್ನ ಎಡಕ್ಕೆ ಬಲಕ್ಕೆ ಜರುಗಿಸ್ತಾರಲ್ಲ, ಆಗ ಮನಸ್ಸಲ್ಲಿ ಸ್ವರಸ್ಥಾನ ಇದ್ರೆ ಎಷ್ಟು ಸುಲಭ ಅಂತ ಮಗನಿಗೆ ನೀವೇ ತೋರಿಸಬಹುದು.

ಮಗ ಮುಂದೆ ಹೊರಗಡೆ ಕ್ಲಾಸಿಗೆ ಹೋಗ್ತೀನಿ ಅಂದ್ರೆ ಬೆರಳಿಗೆ ಹಾಕಿ ತಂತಿ ಮೀಟೋ ಉಗುರು, ಅಂದ್ರೆ ತ್ಸುಮೆ, ಮೊದಲೇ ತಗೋಬೇಡಿ. ಇಕುತಾ ಪಂಥದವರದ್ದು ಚೌಕ ತುದಿ, ಅವರು ವಾದ್ಯಕ್ಕೆ ಓರೆಯಾಗಿ ಕೂತು ಮೂಲೆಯಿಂದ ಮೀಟ್ತಾರೆ, ಯಮದಾ ಪಂಥದವರದ್ದು ದುಂಡು ತುದಿ, ನೇರವಾಗಿ ಕೂರ್ತಾರೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮೂರಕ್ಕೂ ಉಂಗುರ ಥರ ಕೂರ್ಬೇಕು, ಸಡಿಲ ಇದ್ರೆ ತಿರುಗಿಬಿಡುತ್ತೆ, ಮಕ್ಕಳ ಬೆರಳು ಬೇರೆ ಬೆಳೀತಾ ಇರುತ್ತೆ. ಮಗನಿಗೆ ಮಿಯಾಗಿ ಮಿಚಿಯೋ (1894–1956) ಅವರ ಬಗ್ಗೆ ಹೇಳಿ. ಚಿಕ್ಕ ವಯಸ್ಸಲ್ಲೇ ಕಣ್ಣು ಹೋಗಿತ್ತು, ಕೊಟೊನ ಹೊಸ ಕಾಲಕ್ಕೆ ತಂದವರಲ್ಲಿ ಅವರೇ ದೊಡ್ಡ ಹೆಸರು, ಕೆಳಸ್ಥಾಯಿಗೆ ಅಂತ 17 ತಂತಿಯ ಕೊಟೊ 1921ರಲ್ಲಿ ಮಾಡಿಸಿದ್ರು. ಹೊಸ ವರ್ಷದ ದಿನಗಳಲ್ಲಿ ಅಂಗಡಿ ಸೂಪರ್‌ಮಾರ್ಕೆಟ್ ಎಲ್ಲಾ ಕಡೆ ಕೊಟೊ ಜೊತೆ ಕೊಳಲು ಕೇಳಿಸುತ್ತಲ್ಲ, ಅದು ಅವರ 1929ರ ಹರು ನೊ ಉಮಿ. ಟೋಕಿಯೋದಲ್ಲಿ ಅವರು ಇದ್ದ ಜಾಗದಲ್ಲೇ ಮ್ಯೂಸಿಯಂ ಇದೆ.

ಪ್ರಶ್ನೆ: ಜಪಾನಿ ಭಾಷೆ ಅಷ್ಟಕ್ಕಷ್ಟೆ. ಸೆನ್ಸೇಗಳು ತುಂಬಾ ಸ್ಟ್ರಿಕ್ಟ್, ಖರ್ಚು ಜಾಸ್ತಿ ಅಂತಾರೆ. ಯೂಟ್ಯೂಬ್ ನೋಡಿ ಕಲಿತ್ರೆ ಆಗಲ್ವಾ? (ಸೈತಾಮಾ)

ಉತ್ತರ: ಎಡಗೈ ಆಗಬಹುದು, ಬಲಗೈ ಆಗಲ್ಲ, ಕೈಯ ಕೋನ ತಪ್ಪಿದ್ರೆ ಹೇಳೋರು ಬೇಕೇ ಬೇಕು. ಭಾಷೆ ಅಡ್ಡ ಬರಲ್ಲ. ಇಲ್ಲಿನ ಪಾಠ ಎದುರುಬದುರು ಕೂತು, ಸೆನ್ಸೇ ನುಡಿಸ್ತಾರೆ, ನೀವು ಅವರ ಕೈ ನೋಡಿ ಅದನ್ನೇ ನುಡಿಸ್ತೀರಿ, ವಿವರಣೆ ಕಮ್ಮಿ. ನಮ್ಮಲ್ಲಿ ಗುರುಗಳ ಮುಂದೆ ಕೂತು ಕಲಿತವರಿಗೆ ಇದು ಹೊಸದಲ್ಲ.

ಖರ್ಚು ಮಾತ್ರ ಮೊದಲೇ ಕೇಳಿ ತಿಳ್ಕೊಳ್ಳಿ, ನಾಚಿಕೆ ಬೇಡ. ಸೇರೋವಾಗ ಒಂದು ಶುಲ್ಕ, ತಿಂಗಳ ಫೀಸು ಗೆಶ್ಶಾ, ಅದನ್ನ ಹೊಸ ನೋಟಿನಲ್ಲಿ ಕವರಿಗೆ ಹಾಕಿ ಎರಡೂ ಕೈಯಲ್ಲಿ ಕೊಡೋದು ವಾಡಿಕೆ. ವರ್ಷಕ್ಕೊಂದು ಸಲ ಶಿಷ್ಯರ ಕಛೇರಿ ಇರುತ್ತೆ, ಅದಕ್ಕೆ ಹಾಲ್ ಬಾಡಿಗೆ, ಕಿಮೊನೊ, ಜೊತೆ ನುಡಿಸೋರಿಗೆ ಗೌರವಧನ ಎಲ್ಲಾ ಸೇರಿ ದೊಡ್ಡ ಮೊತ್ತ ಆಗಬಹುದು, ಭಾಗವಹಿಸೋದು ಕಡ್ಡಾಯಾನಾ ಅಂತ ಮೊದಲ ದಿನವೇ ಕೇಳಿ. ಇಎಮೊತೊ ಅಂತ ಒಂದೊಂದು ಮನೆತನದ ಪದ್ಧತಿ ಇರುತ್ತೆ, ಚೆನ್ನಾಗಿ ಕಲಿತವರಿಗೆ ಆ ಮನೆತನದ ಹೆಸರು ಕೊಡ್ತಾರೆ, ಅದಕ್ಕೂ ಖರ್ಚಿದೆ, ಅದು ಆಮೇಲಿನ ಮಾತು. ಎರಡು ವರ್ಷಕ್ಕೆ ಅಂತ ಬಂದವರಿಗೆ ನನ್ನ ಸಲಹೆ ಕೋಮಿನ್‌ಕಾನ್, ಅಂದ್ರೆ ಊರಿನ ಸಮುದಾಯ ಭವನದ ಸರ್ಕಲ್. ಫೀಸು ತುಂಬಾ ಕಮ್ಮಿ, ಕಲಿಯೋರು ಹೆಚ್ಚಾಗಿ ರಿಟೈರ್ ಆದ ಅಜ್ಜಿ ತಾತಂದಿರು, ನಿಮ್ಮನ್ನ ಕಂಡ್ರೆ ಪ್ರೀತಿಯಿಂದ ಕೂರಿಸ್ಕೊಂಡು ಹೇಳ್ಕೊಡ್ತಾರೆ. ವಾರ್ಡ್ ಆಫೀಸಿನಿಂದ ಬರೋ ಪತ್ರಿಕೆಯಲ್ಲಿ ತೈಕೆನ್ ಅಂತ ಇದ್ರೆ ಅದು ಒಂದು ದಿನದ ಟ್ರಯಲ್ ಕ್ಲಾಸ್, ಎರಡು ಮೂರು ಕಡೆ ಹೋಗಿ ನೋಡಿ ಆಮೇಲೆ ಸೇರಿ.

ಪ್ರಶ್ನೆ: ನಾನಿರೋದು ಧಾರವಾಡದಲ್ಲಿ, ಜಪಾನಿಗೆ ಹೋಗೋ ಯೋಗ ಇಲ್ಲ. ಇಲ್ಲಿದ್ದುಕೊಂಡೇ ಜಪಾನಿ ತಂತಿವಾದ್ಯ ಏನಾದ್ರೂ ಕಲೀಬಹುದಾ? ನಮ್ಮ ಅಜ್ಜನ ಬುಲ್‌ಬುಲ್ ತರಂಗ ಒಂದು ಅಟ್ಟದ ಮೇಲಿದೆ, ತಂತಿ ಎಲ್ಲಾ ತುಕ್ಕು ಹಿಡಿದಿದೆ ರೀ.

ಉತ್ತರ: ಅದನ್ನ ಇವತ್ತೇ ಕೆಳಗಿಳಿಸಿ ರೀ! ಬುಲ್‌ಬುಲ್ ತರಂಗದ ಮೂಲಾನೇ ಜಪಾನು. 1912ರಲ್ಲಿ, ತೈಶೋ ಚಕ್ರವರ್ತಿಯ ಕಾಲ ಶುರುವಾದ ವರ್ಷ, ನಗೋಯಾದಲ್ಲಿ ಮೊರಿತಾ ಗೊರೋ ಅನ್ನೋರು ಟೈಪ್‌ರೈಟರ್ ಥರ ಕೀಲಿಗಳನ್ನ ಒತ್ತಿ ನುಡಿಸೋ ಒಂದು ತಂತಿವಾದ್ಯ ಮಾಡಿದ್ರು, ಹೆಸರು ತೈಶೋಗೊಟೊ. ಅದೇ ಹಡಗು ಹತ್ತಿ ಇಂಡಿಯಾಕ್ಕೆ ಬಂದು ಬುಲ್‌ಬುಲ್ ತರಂಗ ಆಯ್ತು. ಜಪಾನಲ್ಲಿ ಈಗ್ಲೂ ವಯಸ್ಸಾದವರು ಗುಂಪುಗುಂಪಾಗಿ ತೈಶೋಗೊಟೊ ನುಡಿಸ್ತಾರೆ. ನಿಮ್ಮ ಅಜ್ಜನದಕ್ಕೆ ಹೊಸ ಸ್ಟೀಲ್ ತಂತಿ ಹಾಕಿಸಿ, ಕೀಲಿಗಳ ಕೆಳಗಿನ ಧೂಳು ಬ್ರಷ್ಷಲ್ಲಿ ತೆಗೀರಿ, ಒತ್ತಿದ ಕೀಲಿ ವಾಪಸ್ ಮೇಲೆ ಬರ್ತಿಲ್ಲ ಅಂದ್ರೆ ಸ್ಪ್ರಿಂಗ್ ಹೋಗಿರುತ್ತೆ, ಹಾರ್ಮೋನಿಯಂ ರಿಪೇರಿ ಮಾಡೋರು ಸರಿ ಮಾಡಿಕೊಡ್ತಾರೆ. ಮೇಲೆ ನಗೋಯಾದವರಿಗೆ ಹೇಳಿದ ಮ ಮ ಪ ಅದರ ಮೇಲೇ ಶುರು ಮಾಡಿ.

ಪ್ರಶ್ನೆ: ಮಾರ್ಚಲ್ಲಿ ಬೆಂಗಳೂರಿಗೆ ವಾಪಸ್. ಒಂದು ಶಾಮಿಸೆನ್, ಓಕಿನಾವಾದಲ್ಲಿ ತಗೊಂಡ ಒಂದು ಸನ್‌ಶಿನ್ (ಶಾಮಿಸೆನ್ ಥರದ ಅಲ್ಲಿನ ವಾದ್ಯ) ಎರಡೂ ತರಬೇಕು. ಏನಾದ್ರೂ ತೊಂದರೆ ಇದೆಯಾ? (ಟೋಕಿಯೋ)

ಉತ್ತರ: ಸನ್‌ಶಿನ್ ಮೇಲಿರೋದು ನಿಜವಾದ ಹೆಬ್ಬಾವಿನ ಚರ್ಮಾನಾ, ಹಾವಿನ ಚಿತ್ರ ಪ್ರಿಂಟ್ ಮಾಡಿದ ಬಟ್ಟೆನಾ ಅಂತ ತಗೊಂಡ ಅಂಗಡಿಯಲ್ಲಿ ಕೇಳಿ. ನಿಜವಾದ ಚರ್ಮ ಆದ್ರೆ ಸೈಟೀಸ್ ಪಟ್ಟಿಗೆ ಬರುತ್ತೆ, ಪರ್ಮಿಟ್ ಇಲ್ದೇ ದೇಶದಿಂದ ಆಚೆ ತರೋ ಹಾಗಿಲ್ಲ. ಶಾಮಿಸೆನ್ ಜೊತೆ ಇರೋ ಬಾಚಿ, ಕುದುರೆ ದಂತದ್ದು ಅಥವಾ ಆಮೆ ಚಿಪ್ಪಿಂದು ಆದ್ರೆ ಅದನ್ನ ತರಲೇಬೇಡಿ, ಅಲ್ಲೇ ಸೆನ್ಸೇಗೆ ಕೊಟ್ಟು ಪ್ಲಾಸ್ಟಿಕ್‌ದು ತಗೊಳ್ಳಿ, ಹಳೇ ಸೆಕೆಂಡ್ ಹ್ಯಾಂಡ್ ಸೆಟ್ಟಲ್ಲಿ ಗೊತ್ತಿಲ್ದೇ ದಂತದ ಕುದುರೆ ಇರೋ ಸಾಧ್ಯತೆ ಇದೆ, ಅಂಗಡಿಯವರಿಗೆ ತೋರಿಸಿ. ದಂಡಿ ಕೋಕಿ ಆದ್ರೂ ಕಾಗದ ಪತ್ರ ಬೇಕಾಗಬಹುದು, ಟಿಕೆಟ್ ಮಾಡೋಕೆ ಮುಂಚೆ ಜಪಾನಿನ ಕಸ್ಟಮ್ಸಲ್ಲೂ ಇಂಡಿಯಾದ ಕಸ್ಟಮ್ಸಲ್ಲೂ ಬರೆದು ಕೇಳಿ.

ವಿಮಾನಕ್ಕೆ ಹಾಕೋ ಮುಂಚೆ ಕುದುರೆ ತೆಗೀಲೇಬೇಕು, ಮನೆಯಲ್ಲಿದ್ರೂ ನುಡಿಸಿ ಆದ್ಮೇಲೆ ದಿನಾ ತೆಗೀಬೇಕು, ಅದು ಚರ್ಮನ ಒತ್ತುತ್ತಾ ಇರುತ್ತೆ. ತಂತಿ ಸ್ವಲ್ಪ ಸಡಿಲ ಮಾಡಿ, ದಂಡಿ ಮೂರು ತುಂಡು ಬಿಚ್ಚಿ ಕ್ಯಾಬಿನ್ ಒಳಗೇ ತಗೊಳ್ಳಿ. ಬೆಂಗಳೂರಲ್ಲಿ ಶಾಮಿಸೆನ್‌ಗೆ ಚರ್ಮ ಹಾಕೋರನ್ನ ಹುಡುಕೋದು ಕಷ್ಟ, ಆದ್ರಿಂದ ಹೊರಡೋಕೆ ಮುಂಚೆಯೇ ಟೋಕಿಯೋದಲ್ಲಿ ಸಿಂಥೆಟಿಕ್ ಹಾಕಿಸ್ಕೊಂಡು ಬನ್ನಿ, ಜೊತೆಗೆ ತೆಳು ತಂತಿ ಒಂದಷ್ಟು ಜಾಸ್ತಿ ತಗೊಳ್ಳಿ, ಮೊದಲು ತುಂಡಾಗೋದು ಅದೇ.